ಲಾಳಿಯ ಲೆಕ್ಕದಲ್ಲಿ ಎಂಟು ದಿನ

ಹೈದರಾಬಾದಿನ ಆ ದೊಡ್ಡ ಸಭಾಭವನದ ಗೋಡೆಯ ಮೇಲೆ ನಮ್ಮ ರೋಣದ ದವಾಖಾನೆಯ ರೋಗಿಯ ಫೋಟೋ ಹಾಕಿದಾಗ ಆ ಮನುಷ್ಯ ಸತ್ತು ಐದು ತಿಂಗಳಾಗಿತ್ತು. ಫೋಟೋದ ಕೆಳಗೆ ಅವನು ಗುಣಮುಖನಾದ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಕೊರಳಲ್ಲಿ ನನ್ನ ಹೆಸರಿನ ಚೀಟಿ ಹಾಕಿಕೊಂಡು ನಿಂತಿದ್ದೆ. ಸತ್ತವನ ಹೆಂಡತಿಯ ತಮ್ಮ ನನಗೊಂದು ಪ್ರಶ್ನೆ ಕೇಳಿದ್ದ. ಅದಕ್ಕೆ ಸುಳ್ಳು ಉತ್ತರ ಕೊಟ್ಟು ನಾನು ಹೈದರಾಬಾದಿಗೆ ಬಂದಿದ್ದೆ.

ನಾನು ನರ್ಸ್. ಹುಟ್ಟಿದ್ದು ನರಗುಂದದಲ್ಲಿ. ಅಪ್ಪನದು ಗುಡ್ಡದ ಕೆಳಗಿನ ಪೇಟೆಯಲ್ಲಿ ಬಳೆ ಅಂಗಡಿ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಹುಬ್ಬಳ್ಳಿಯಲ್ಲಿ ಕೋರ್ಸು ಮುಗಿಸಿದ ಮೇಲೆ ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಹದಿನೈದು ಹಾಸಿಗೆ, ಒಬ್ಬರೇ ಡಾಕ್ಟರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಸಾಹೇಬರು ದೊಡ್ಡ ಊರುಗಳಲ್ಲಿ ಓದಿದವರು. ಅವರ ಜೊತೆ ಓದಿದವರೆಲ್ಲ ಅಲ್ಲೇ ಉಳಿದು ದೊಡ್ಡ ದವಾಖಾನೆಗಳಲ್ಲಿ ಹೆಸರು ಮಾಡಿದ್ದರು, ಇವರೊಬ್ಬರು ರೋಣಕ್ಕೆ ವಾಪಸು ಬಂದಿದ್ದರು. ಆ ಗೆಳೆಯರು ಯಾರಾದರೂ ಫೋನ್ ಮಾಡಿದ ದಿನ ಸಾಹೇಬರು ಊಟಕ್ಕೆ ತಡವಾಗಿ ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ಇದನ್ನು ಓದುವವರು ಹಾಗೆ ತಿಳಿಯಬಾರದು.

ಆ ವರ್ಷ ಶ್ರಾವಣದಲ್ಲಿ ಗಜೇಂದ್ರಗಡದಿಂದ ಒಬ್ಬ ನೇಕಾರನನ್ನು ಜೀಪಿನಲ್ಲಿ ತಂದರು. ಮೂವತ್ತೈದರ ಆಸುಪಾಸಿನವನು. ಅವರ ಮನೆಯಲ್ಲಿದ್ದದ್ದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಬೆಳಗಿನ ಚಹಾ ಕುಡಿದು ಕುಣಿಯಲ್ಲಿ ಕಾಲಿಟ್ಟಾಗ ಏನೋ ಕಚ್ಚಿತು. ಹಾವನ್ನು ಯಾರೂ ನೋಡಲಿಲ್ಲ. ಗಾಯ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಒಂದು ತಾಸಿನ ಮೇಲೆ, "ಎದುರಿಗೆ ಇಬ್ಬಿಬ್ಬರು ಕಾಣಾಕತ್ತಾರ" ಎಂದನಂತೆ. ನಮ್ಮಲ್ಲಿಗೆ ಬರುವಾಗ ರೆಪ್ಪೆಗಳು ಮುಚ್ಚಿದ್ದವು, ನಾಲಿಗೆ ತೊದಲುತ್ತಿತ್ತು. ಸಾಹೇಬರು ವಿಷಕ್ಕೆ ಔಷಧ ಏರಿಸಿದರು. ಮಧ್ಯಾಹ್ನದೊಳಗೆ ಎದೆ ಏಳುವುದು ನಿಂತಿತು. ಗಂಟಲಿಗೆ ಕೊಳವೆ ಇಳಿಸಿದರು.

ಅಂಥ ರೋಗಿಗೆ ಬೇಕಾದದ್ದು ವೆಂಟಿಲೇಟರ್. ವಿಷದ ಜೋರು ಇಳಿಯುವವರೆಗೆ ಅವನ ಬದಲು ಯಂತ್ರ ಉಸಿರಾಡಬೇಕು. ಆರೇಳು ದಿನ ಹಾಗೆ ದಾಟಿಸಿದರೆ ಮನುಷ್ಯ ಎದ್ದು ಮನೆಗೆ ನಡೆದು ಹೋಗುತ್ತಾನೆ. ನಮ್ಮಲ್ಲಿ ಆ ಯಂತ್ರ ಇರಲಿಲ್ಲ. ಹುಬ್ಬಳ್ಳಿಗೆ ಎರಡು ಕಡೆ ಫೋನ್ ಮಾಡಿದರು, ಎರಡೂ ಕಡೆ ಯಂತ್ರ ಖಾಲಿ ಇರಲಿಲ್ಲ. ಇದ್ದದ್ದು ಒಂದು ರಬ್ಬರಿನ ಚೀಲ. ಅದನ್ನು ಕೊಳವೆಗೆ ಸಿಕ್ಕಿಸಿ ಕೈಯಿಂದ ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಸಾಹೇಬರು ಸಂಬಂಧಿಕರನ್ನು ಕರೆದರು.

"ಯಾರರ ಒಬ್ಬರು ಇದನ್ನ ಒತ್ತಕೋಂತ ಇರಬೇಕು. ಹಗಲು ರಾತ್ರಿ. ಎಷ್ಟ ದಿನ ಅಂತ ಹೇಳಾಕ ಬರೂದಿಲ್ಲ. ಆಗ್ತೈತೇನ?"

"ಆಗ್ತೈತ್ರಿ," ಎಂದ ರೋಗಿಯ ಅಣ್ಣ. ಅವನೂ ನೇಕಾರ. "ಕೈ ಅಲ್ಲದ ಬ್ಯಾರೆ ಏನೈತ್ರಿ ನಮ್ಮ ಕಡೆ?"

ಒತ್ತುವುದನ್ನು ಕಲಿಸುವ ಕೆಲಸ ನನಗೆ ಬಂತು. ಒಂದು ಎರಡು ಮೂರು ಎಂದು ಎಣಿಸಿ ಒಂದು ಸಲ ಒತ್ತಬೇಕು ಎಂದು ಹೇಳಿಕೊಟ್ಟೆ. ಹೆದರಿದವರು ಬೇಗ ಎಣಿಸುತ್ತಾರೆ, ದಣಿದವರು ಎಣಿಕೆ ಮರೆಯುತ್ತಾರೆ. ಮೊದಲ ಸಂಜೆಯೇ ಅದು ಕೆಟ್ಟಿತು. ಆಗ ಅಣ್ಣ ಹೇಳಿದ, "ಎಣಿಸೂದು ಆಗವಲ್ದ್ರಿ ಅಕ್ಕಾರ. ಲಾಳಿ ಹಾಕಿದಂಗ ಅಂತ ಹೇಳ್ರಿ, ತಿಳಿತೈತಿ." ಲಾಳಿ ಎಂದರೆ ಮಗ್ಗದಲ್ಲಿ ನೂಲನ್ನು ಅತ್ತಿಂದಿತ್ತ ಒಯ್ಯುವ ಸಾಧನ. ಅವನು ಕುರ್ಚಿಯ ಮೇಲೆ ಕುಳಿತು, ಬರಿಗಾಲಲ್ಲಿ ನೆಲವನ್ನು ಮಗ್ಗ ತುಳಿದ ಹಾಗೆ ತುಳಿಯುತ್ತ, ಲಾಳಿ ಒಮ್ಮೆ ಹೋಗಿ ಬರುವಷ್ಟು ಹೊತ್ತಿಗೆ ಒಂದು ಸಲ ಚೀಲ ಒತ್ತತೊಡಗಿದ. ನಾನು ಕೈಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಹದಿನೆಂಟು. ಇನ್ನೊಮ್ಮೆ ಎಣಿಸಿದೆ. ಹದಿನೆಂಟೇ. ಸಾಹೇಬರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಅವನ ಕಾಲುಗಳನ್ನೇ ನೋಡುತ್ತ ನಿಂತರು.

"ಇದರಾಗ ಸೀರಿ ಮಾತ್ರ ಹೊರಗ ಬರೂದಿಲ್ಲ ನೋಡ್ರಿ ಸಾಹೇಬ್ರ," ಎಂದ ಅಣ್ಣ. ಆ ದಿನ ಅಲ್ಲಿದ್ದವರು ಮೊದಲ ಸಲ ನಕ್ಕರು.

ಆಮೇಲೆ ಚೀಲ ಹಿಡಿಯಲು ಬಂದವರಿಗೆಲ್ಲ ನಾನು ಅದನ್ನೇ ಹೇಳಿದೆ. ಲಾಳಿ ಹಾಕಿದ ಹಾಗೆ. ಬಂದವರೆಲ್ಲ ನೇಕಾರರ ಓಣಿಯವರು, ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ಪಾಳಿಯ ಮೇಲೆ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಪ್ರತಿ ತಾಸಿಗೆ ಗಡಿಯಾರ ಹಿಡಿದು ಎಣಿಸುತ್ತಿದ್ದೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು.

ಐದನೆಯ ದಿನ ರೋಗಿಯ ಹೆಂಡತಿಯ ತಮ್ಮ ಬನಹಟ್ಟಿಯಿಂದ ಬಂದ. ಅವನೂ ನೇಕಾರ, ಆದರೆ ಅವನು ಕೆಲಸ ಮಾಡುವುದು ಕರೆಂಟಿನ ಮೇಲೆ ಓಡುವ ಪವರ್‌ಲೂಮಿನಲ್ಲಿ. ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಾನೆ ಎಂದು ಅವನ ಅಕ್ಕ ಹೆಮ್ಮೆಯಿಂದ ಹೇಳಿದಳು. ಚೀಲ ಹಿಡಿದಾಗ ರೋಗಿಯ ಅಣ್ಣ ಅವನನ್ನು ಛೇಡಿಸಿದ.

"ನಿಮ್ಮ ಬನಹಟ್ಟಿದು ಮಷಿನ್ ಕೈಯೋ ಮಾರಾಯ. ಸಾವಕಾಶ. ಇಲ್ಲಿ ಗಜೇಂದ್ರಗಡದ ಕೈ ಬೇಕು."

"ನಿಮ್ಮ ಕೈಲೆ ತಿಂಗಳಿಗೆ ನಾಲ್ಕು ಸೀರಿ ಆಗ್ತಾವ. ನನ್ನ ಮಾಮಾ ಅಷ್ಟ ಸಾವಕಾಶ ಉಸಿರಾಡಿದ್ರ ದೀಪಾವಳಿಗೆ ಏಳ್ತಾನ," ಎಂದು ಅವನೂ ಬಿಡಲಿಲ್ಲ.

ಆದರೆ ಅಣ್ಣನ ಕಾಲನ್ನೇ ನೋಡುತ್ತ ಸರಿಯಾಗಿ ಒತ್ತಿದ. ನಾನು ಎಣಿಸಿದೆ. ಹದಿನೆಂಟು. ಆರನೆಯ ದಿನ ಸಾಹೇಬರು ತಮ್ಮ ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆದಾಗ ಚೀಲದ ಮೇಲೆ ಇದ್ದದ್ದು ಬನಹಟ್ಟಿಯವನ ಕೈಗಳು. ಏಳನೆಯ ದಿನ ರೋಗಿಯ ರೆಪ್ಪೆ ಸ್ವಲ್ಪ ತೆರೆಯಿತು. ಮಧ್ಯಾಹ್ನ ಕಾಲಿನ ಬೆರಳು ಅಲ್ಲಾಡಿದವು. ಹೆಂಡತಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು, "ಬರ್ರಿ ಅಕ್ಕಾರ, ನೋಡ್ರಿ, ಮಗ್ಗಾ ತುಳಿಯಾಕತ್ತಾನ." ಇನ್ನೆರಡು ದಿನ ಎಂದರು ಸಾಹೇಬರು.

ಎಂಟನೆಯ ದಿನ ನಡೆದದ್ದನ್ನು ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಬೆಳಿಗ್ಗೆ ಅಣ್ಣ ಸ್ನಾನ ಮಾಡಿ ಮನೆ ನೋಡಿಕೊಂಡು ಬರುತ್ತೇನೆಂದು ಗಜೇಂದ್ರಗಡದ ಬಸ್ಸು ಹತ್ತಿದ. ಓಣಿಯವರು ಸಂಜೆ ಬರುವವರಿದ್ದರು. ಹನ್ನೊಂದರಿಂದ ಬನಹಟ್ಟಿಯವನು ಒಬ್ಬನೇ ಒತ್ತುತ್ತಿದ್ದ, ನಾನು ಪಕ್ಕದಲ್ಲಿ ಕುಳಿತಿದ್ದೆ. ಎರಡೂಕಾಲಿಗೆ ಸಾಹೇಬರು ತಮ್ಮ ಕೋಣೆಗೆ ಕರೆದರು. ಹೈದರಾಬಾದಿನಲ್ಲಿ ತೀವ್ರ ನಿಗಾ ಚಿಕಿತ್ಸೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಲಿತ್ತು. ನಮ್ಮ ಲಾಳಿಯ ಪದ್ಧತಿಯ ಬಗ್ಗೆ ಅದಕ್ಕೊಂದು ಬರಹ ಕಳಿಸಬೇಕು, ಕಳಿಸಲು ಅದೇ ಕೊನೆಯ ದಿನ. ಹೇಗೆ ಕಲಿಸಿದೆ, ಎಷ್ಟು ಸಲ ಎಣಿಸಿದೆ, ಯಾವಾಗ ಎಷ್ಟು ಬಂತು ಎಂದು ಅವರಿಗೆ ನನ್ನಿಂದ ತಿಳಿಯಬೇಕಿತ್ತು. ನಾನು ಬನಹಟ್ಟಿಯವನಿಗೆ, "ಹಿಂಗ ಒತ್ತಕೋಂತ ಇರಪಾ, ಹತ್ತ ನಿಮಿಷದಾಗ ಬರ್ತೇನಿ" ಎಂದು ಹೇಳಿ ಹೋದೆ.

ಸಾಹೇಬರು ಕಂಪ್ಯೂಟರಿಗೆ ಧೂಳು ಬೀಳುತ್ತದೆಂದು ಬಾಗಿಲು ಹಾಕಿಸಿದರು. ನಾನು ಹೇಳಿದೆ, ಅವರು ಬರೆದರು. ಇಂಟರ್‌ನೆಟ್ ಎರಡು ಸಲ ಕಡಿದುಹೋಯಿತು. ಕಾಯುತ್ತ ಅವರು ಹೇಳಿದರು, "ಸಿಸ್ಟರ್, ಹೈದರಾಬಾದದಾಗ ಬಿರ್ಯಾನಿ ತಿನ್ನಾಕ ಹೊಟ್ಟಿ ತಯಾರ ಇಟ್ಕೋರಿ."

"ನಮ್ಮ ಅಮ್ಮಾನ ಕೈದು ತಿಂದವ್ರಿಗೆ ಅದೆಲ್ಲಿ ರುಚಿ ಹತ್ತೂದ್ರಿ," ಎಂದೆ ನಾನು. ಇಬ್ಬರೂ ಜೋರಾಗಿ ನಕ್ಕೆವು. ಬರಹ ಹೋಯಿತು ಎಂದು ಕಂಪ್ಯೂಟರ್ ತೋರಿಸಿತು. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ ಇತ್ತು. ಅದೇ ಹೊತ್ತಿಗೆ ರೋಗಿಯ ಹೆಂಡತಿ ಚೀರಿದ್ದು ಕೇಳಿತು.

ಬಾಗಿಲು ತೆಗೆದಾಗ ಬನಹಟ್ಟಿಯವನು ಕೋಣೆಯ ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಹಾಸಿಗೆ ಬಿಟ್ಟು ಇಲ್ಲೇಕೆ ನಿಂತಿದ್ದಾನೆ ಎಂದು ನಾನು ಕೇಳಲಿಲ್ಲ, ಓಡಿದೆ. ಅವನ ಅಕ್ಕ ಎರಡೂ ಕೈಯಿಂದ ಚೀಲ ಒತ್ತುತ್ತಿದ್ದಳು. ಚೀಲ ತಗ್ಗುತ್ತಿರಲಿಲ್ಲ. ರೋಗಿಯ ಮುಖ ನೀಲಿಗಟ್ಟಿತ್ತು. ಕೊರಳಿನ ನರ ಉಬ್ಬಿದ್ದವು. ಎದೆಯ ಎಡಭಾಗ ಎತ್ತರಕ್ಕೆ ಬಂದು ಹಾಗೇ ನಿಂತಿತ್ತು. ಸಾಹೇಬರು ಎದೆಗೆ ಸೂಜಿ ಚುಚ್ಚಿದರು. ಸೈಕಲ್ಲಿನ ಟ್ಯೂಬು ಬಿಟ್ಟ ಹಾಗೆ ಗಾಳಿ ಹೊರಗೆ ಬಂತು. ನಾಡಿ ಆಗಲೇ ಇರಲಿಲ್ಲ. ಅರ್ಧ ತಾಸು ಎದೆ ಒತ್ತಿದೆವು. ನಾಡಿ ಮರಳಲಿಲ್ಲ.

ಪಕ್ಕದ ಹಾಸಿಗೆಯ ಮುದುಕಿ ಆಮೇಲೆ ನನಗೆ ಹೇಳಿದಳು, "ಆ ಹುಡುಗ ಕಣ್ಣ ಮುಚ್ಚಿ ಒತ್ತಾಕತ್ತಿದ್ದನವ್ವ, ಖಟ ಖಟ ಖಟ ಅಂತ, ಗಿರಣ್ಯಾಗಿನ ಮಷಿನ್ ಹಂಗ." ಮುದುಕಿಗೆ ಅವನು ಹುಡುಗ. ಅವನಿಗೆ ಎರಡು ಮಕ್ಕಳಿದ್ದವು. ಮೂರು ತಾಸಿಗೂ ಹೆಚ್ಚು ಹೊತ್ತು ಒಬ್ಬನೇ ಒತ್ತಿ ದಣಿದಿದ್ದ. ಎದುರಿಗೆ ಅಣ್ಣನ ಕಾಲು ಇರಲಿಲ್ಲ, ನನ್ನ ಗಡಿಯಾರವೂ ಇರಲಿಲ್ಲ. ತೂಕಡಿಕೆ ಬಂದಾಗ ಅವನ ಕೈ ಹತ್ತು ವರ್ಷದಿಂದ ಕಿವಿಯಲ್ಲಿ ಕೂತಿದ್ದ ಪವರ್‌ಲೂಮಿನ ಸದ್ದಿಗೆ ತಾನೇ ಹೊರಟಿತು. ಒಳಗೆ ಹೋದ ಗಾಳಿ ಹೊರಗೆ ಬರಲು ಬಿಡುವಿರಲಿಲ್ಲ. ಶ್ವಾಸಕೋಶ ಒಡೆಯಿತು.

ಸಾಹೇಬರು ಸಂಬಂಧಿಕರಿಗೆ ವಿಷ ಎದೆಗೆ ಏರಿತು ಎಂದರು. ಕೋಣೆಗೆ ಬಂದು ನನಗೊಬ್ಬಳಿಗೆ, "ಭಾಳ ಲಗೂ ಒತ್ಯಾರ. ಲಂಗ್ಸ್ ಒಡದೈತಿ" ಎಂದರು. ಆಮೇಲೆ ಕಂಪ್ಯೂಟರಿನ ಕಡೆ ನೋಡಿದರು.

ಮೂರು ದಿನ ಬಿಟ್ಟು ಬನಹಟ್ಟಿಯವನು ಬಿಟ್ಟುಹೋಗಿದ್ದ ಚಾಪೆ, ಬುತ್ತಿಡಬ್ಬಿ ಒಯ್ಯಲು ಬಂದ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತ.

"ಖರೇ ಹೇಳ್ರಿ ಅಕ್ಕಾರ. ನಮ್ಮ ಕೈಲೆ ಏನರ ತಪ್ಪಾತೇನ್ರಿ?"

"ಇಲ್ಲಪಾ. ವಿಷ ಏರಿತ್ತು."

ನಾನು ಸೂಜಿಗಳ ಡಬ್ಬಿಯನ್ನು ಒರೆಸಿದೆ. ಅವನು ಹೋದ. ನನ್ನ ತಪ್ಪನ್ನು ಹೇಳಬೇಕಾದರೆ ಅವನ ಕೈಯ ಮಾತು ಹೇಳಲೇಬೇಕು, ಅವನಿಗಾಗಿಯೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ದಿನ ಹಾಗೇ ನಂಬಿದ್ದೆ.

ಎರಡು ತಿಂಗಳ ಮೇಲೆ ಸಮ್ಮೇಳನದಿಂದ ಒಪ್ಪಿಗೆ ಬಂತು. ಸಾಹೇಬರು ನನ್ನನ್ನು ಕರೆದು ಓದಿ ತೋರಿಸಿದರು. ನಮ್ಮ ಬರಹವನ್ನು ಪೋಸ್ಟರ್ ಮಾಡಿ ಗೋಡೆಗೆ ಹಾಕಬೇಕು, ಇಬ್ಬರ ಹೆಸರೂ ಇರುತ್ತದೆ.

"ಸಾಹೇಬ್ರ, ಆ ಮನಷ್ಯಾ ಸತ್ತಾನಲ್ರಿ," ಎಂದೆ.

ಅವರು ಕಾಗದ ಮಡಿಚಿದರು. "ಬರಹ ಕಳಿಸಿದಾಗ ಸುಧಾರಿಸಾಕತ್ತಾನ ಅಂತ ಬರದಿದ್ದೆ. ಅದು ಸುಳ್ಳೇನ? ಎಂಟ ದಿನ ಕೈಲೆ ಬದುಕಿಸಿದ್ವಿ ಸಿಸ್ಟರ್. ಯಾವ ಹಳ್ಳ್ಯಾಗ ಯಾರು ಮಾಡ್ಯಾರ? ಸತ್ತ ಅಂದ್ರ ಅವರು ಮುಂದಿಂದು ಓದೂದಿಲ್ಲ. ಇನ್ನ ಹತ್ತ ಮಂದಿ ಉಳೀಬೇಕಂದ್ರ ಈ ಪದ್ಧತಿ ತಿಳೀಬೇಕಲ್ಲ?"

ನಾನು ಹೂಂ ಎಂದೆ. ಜೊತೆಗೆ ಇನ್ನೊಂದು ಮಾತನ್ನೂ ಬರೆಯಬೇಕು. ನನಗೆ ಹೋಗುವ ಆಸೆ ಇತ್ತು. ನಾನು ಹುಬ್ಬಳ್ಳಿಯಿಂದ ಆಚೆ ಹೋಗಿರಲಿಲ್ಲ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಬಿಟ್ಟಿದ್ದರು.

ಚಳಿಗಾಲದಲ್ಲಿ ಸಾಹೇಬರು, ಅವರ ಹೆಂಡತಿ, ನಾನು ಬಸ್ಸಿನಲ್ಲಿ ರಾಯಚೂರಿನ ಮೇಲೆ ಹೈದರಾಬಾದಿಗೆ ಹೋದೆವು. ಪೋಸ್ಟರನ್ನು ಉದ್ದ ಕೊಳವೆಯೊಳಗೆ ಸುತ್ತಿ ಸಾಹೇಬರು ಇಡೀ ದಾರಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅದನ್ನು ನಾನು ಮೊದಲು ನೋಡಿದ್ದು ಗೋಡೆಗೆ ಹಾಕಿದಾಗಲೇ. ಸುಧಾರಿಸುತ್ತಿದ್ದಾನೆ ಎಂಬುದು ಗುಣಮುಖನಾದ ಎಂದಾಗಿತ್ತು. ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ, ಮಾತು ಬರುವುದಿಲ್ಲ.

ನೂರಾರು ಜನ ಕೊರಳಲ್ಲಿ ಚೀಟಿ ಹಾಕಿಕೊಂಡು ಮೆತ್ತನೆಯ ಜಮಖಾನೆಯ ಮೇಲೆ ಓಡಾಡುತ್ತಿದ್ದರು. ಹೆಜ್ಜೆಯ ಸದ್ದೇ ಇರಲಿಲ್ಲ. ಪೋಸ್ಟರುಗಳಿಗೆ ಹೋಗಬೇಕಾದರೆ ಯಂತ್ರ ಮಾರುವವರ ಅಂಗಡಿಗಳ ನಡುವೆಯೇ ಹೋಗಬೇಕು. ಅಲ್ಲಿ ವೆಂಟಿಲೇಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಾನು ಎಣಿಸಿದೆ. ಇಪ್ಪತ್ತಾರು. ಎಲ್ಲವೂ ಓಡುತ್ತಿದ್ದವು. ಪ್ರತಿಯೊಂದರ ಕೊಳವೆಯ ತುದಿಗೆ ಅಂಗೈ ಅಗಲದ, ಬಲೂನಿನಂಥ ರಬ್ಬರ್ ಬುಗ್ಗೆ ಕಟ್ಟಿದ್ದರು. ಯಂತ್ರ ಗಾಳಿ ಕೊಟ್ಟಾಗ ಬುಗ್ಗೆ ಉಬ್ಬುತ್ತಿತ್ತು, ಬಿಟ್ಟಾಗ ಕುಗ್ಗುತ್ತಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇಪ್ಪತ್ತಾರು ಯಂತ್ರಗಳು ರಬ್ಬರಿಗೆ ಉಸಿರು ಕೊಡುತ್ತಿದ್ದವು. ಒಂದರ ಮುಂದೆ ನಿಂತು ಗಡಿಯಾರ ನೋಡಿದೆ. ನಿಮಿಷಕ್ಕೆ ಹದಿನಾಲ್ಕು. ಮತ್ತೆ ಎಣಿಸಿದೆ. ಹದಿನಾಲ್ಕು. ಮಾರುವವನು ಬಂದು ನಮ್ಮದು ಎಷ್ಟು ಹಾಸಿಗೆಯ ಆಸ್ಪತ್ರೆ ಎಂದು ಹಿಂದಿಯಲ್ಲಿ ಕೇಳಿದ. ಹದಿನೈದು ಎಂದೆ. ಅವನು ನನಗೊಂದು ಪೆನ್ನು ಕೊಟ್ಟು ಬೇರೆಯವರ ಕಡೆ ಹೋದ.

ನಮ್ಮ ಪೋಸ್ಟರಿನ ಮುಂದೆ ಜನ ನಿಂತರು. ಅದನ್ನೂ ಹೇಳಬೇಕು. ನೇಕಾರ ಬರಿಗಾಲಲ್ಲಿ ನೆಲ ತುಳಿಯುತ್ತ ಉಸಿರು ಕೊಟ್ಟದ್ದನ್ನು ಸಾಹೇಬರು ವಿವರಿಸಿದಾಗ ಕೆಲವರು ಚಪ್ಪಾಳೆ ತಟ್ಟಿದರು. ಬಿಳಿ ಕೂದಲಿನ ಒಬ್ಬ ವಿದೇಶಿ ಡಾಕ್ಟರಮ್ಮ ಮಾತ್ರ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ಕೇಳಿದರು. ಚೀಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ವೇಗ ಹೇಗೆ ಉಳಿಯುತ್ತದೆ? ಅದನ್ನು ಯಾರು ನೋಡುತ್ತಾರೆ? ನಿಧಾನವಾಗಿ ಕೇಳಿದ್ದರಿಂದ ನನಗೆ ಅರ್ಥವಾಯಿತು. ಅಷ್ಟು ಮಂದಿಯಲ್ಲಿ ಅವರೊಬ್ಬರು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದರು. ಸಾಹೇಬರು ನನ್ನ ಕಡೆ ಕೈ ತೋರಿಸಿ ಈ ಸಿಸ್ಟರ್ ಪಕ್ಕದಲ್ಲೇ ಕೂತಿರುತ್ತಾರೆ ಎಂದರು. ಆಕೆ ನನ್ನ ಕಡೆ ತಿರುಗಿದರು. ರೋಗಿ ಈಗ ಹೇಗಿದ್ದಾನೆ ಎಂದು ಕೇಳಿದರು.

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಪೋಸ್ಟರಿನಿಂದ ಬನಹಟ್ಟಿಯವನ ಎರಡು ಕೈ ಕಾಣುತ್ತಿದ್ದವು.

"ಗುಡ್," ಎಂದೆ.

ಆಕೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಅದುಮಿದರು. ಕೈ ಬೆಚ್ಚಗಿತ್ತು.

ಮರುದಿನ ಊರು ನೋಡಲು ಹೋದೆವು. ಚಾರ್‌ಮಿನಾರಿನ ಬಳೆ ಪೇಟೆಯಲ್ಲಿ ಸಾಹೇಬರ ಹೆಂಡತಿಗೆ ನಾನೇ ಬಾಯಿಯಾದೆ. ಅಲ್ಲಿನ ಉರ್ದು ನಮ್ಮ ಮನೆಯದಕ್ಕೆ ತೀರ ಹತ್ತಿರ. ಬಳೆ ನನಗೆ ಹುಟ್ಟಿನಿಂದ ಗೊತ್ತು. ಅರಗಿನ ಬಳೆಗೆ ಹರಳು ಹೇಗೆ ಕೂರಿಸಿದ್ದಾರೆ, ಯಾವುದು ತಿಂಗಳೊಳಗೆ ಉದುರುತ್ತದೆ ಎಂದು ತಿರುಗಿಸಿ ತೋರಿಸಿದೆ. ಅಂಗಡಿಯವನು ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆದು ಸ್ಟೂಲ್ ಕೊಟ್ಟ. ಸಾಹೇಬರು ನಕ್ಕು, "ಇಲ್ಲಿ ನೀವ ಡಾಕ್ಟರ್, ನಾವು ಪೇಷಂಟ್" ಎಂದರು. ನಿನ್ನೆ ಒಂದೇ ಶಬ್ದ ಹೊರಡಿಸಿದ್ದ ಬಾಯಿ ಇಲ್ಲಿ ಹರಳಿಗಾಗಿ ಅರ್ಧ ತಾಸು ವಾದ ಮಾಡಿತು. ಅಮ್ಮನಿಗೆ ಒಂದು ಡಜನ್ ತೆಗೆದುಕೊಂಡೆ.

ಮಧ್ಯಾಹ್ನ ಗೋಲ್ಕೊಂಡಾ ಕೋಟೆ. ಕೆಳಗಿನ ಬಾಗಿಲಲ್ಲಿ, ಕಮಾನಿನ ಒಂದು ಗೊತ್ತಾದ ಜಾಗದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಗುಡ್ಡದ ತುದಿಯಲ್ಲಿ ಕೇಳುತ್ತದೆ ಎಂದು ಕೋಟೆ ತೋರಿಸುವವನು ಹೇಳಿದ. ಹಗೆಗಳು ಬಂದರೆ ಮೇಲಿನವರಿಗೆ ತಿಳಿಯಲಿ ಎಂದು ಕಟ್ಟಿದ್ದಂತೆ. ನಾನು, ಸಾಹೇಬರ ಹೆಂಡತಿ ಏದುಸಿರು ಬಿಡುತ್ತ ಮೇಲೆ ಹತ್ತಿದೆವು. ಸಾಹೇಬರು ಕೆಳಗೆ ಉಳಿದರು. ಅವರು ಹುಣಸೆ ಬೀಜದಷ್ಟು ಕಾಣುತ್ತಿದ್ದರು. ಕೈ ಅಲ್ಲಾಡಿದ್ದು ಸರಿಯಾಗಿ ಕಾಣಲಿಲ್ಲ, ಚಪ್ಪಾಳೆ ಮಾತ್ರ ಕಿವಿಯ ಹತ್ತಿರವೇ ತಟ್ಟಿದಂತೆ ಕೇಳಿತು. ಸುತ್ತ ಇದ್ದವರು ಹೋ ಎಂದು ಕೂಗಿದರು. ಆ ಸದ್ದು ಆಗ ನನಗೆ ಬರೀ ತಮಾಷೆ. ಅದರ ನೆನಪು ನನ್ನನ್ನು ಕಾಡಿದ್ದು ಆಮೇಲೆ.

ಊರಿಗೆ ಬಂದ ಮೇಲೆ ಸಾಹೇಬರು ಪೋಸ್ಟರಿಗೆ ಗಾಜಿನ ಕಟ್ಟು ಹಾಕಿಸಿ ರೋಗಿಗಳು ಕಾಯುವ ಜಾಗದಲ್ಲಿ ತೂಗುಹಾಕಿದರು. ಓದಲು ಬಾರದವರೂ ಅದನ್ನು ನೋಡಿ, ಇಲ್ಲಿ ದೊಡ್ಡ ದೊಡ್ಡ ಕೇಸು ಉಳಿಸುತ್ತಾರೆ ಎಂದು ಮಾತಾಡಿಕೊಂಡರು.

ಕಾರಹುಣ್ಣಿಮೆ ಕಳೆದ ವಾರ ಬನಹಟ್ಟಿಯವನು ಬಂದ. ಮಾಮನ ಸಾವಿನ ಕಾಗದದ ಇನ್ನೊಂದು ಪ್ರತಿ ಬೇಕಿತ್ತು. ನಾನು ಕಾಗದ ಬರೆಸಿಕೊಂಡು ಹೊರಗೆ ಬಂದಾಗ ಅವನು ಪೋಸ್ಟರಿನ ಮುಂದೆ ನಿಂತಿದ್ದ.

"ಇವು ನನ್ನ ಕೈ ಅಲ್ರಿ?"

"ಹೌದಪಾ."

"ಏನ್ ಬರದಾರ್ರಿ ಇಲ್ಲಿ? ಓದಿ ಹೇಳ್ರಿ."

ನಾನು ಮೇಲಿಂದ ಓದತೊಡಗಿದೆ. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಕೊನೆಯ ಸಾಲು ಬಂದಾಗ ಅದನ್ನೂ ಹೇಳಿದೆ. ರೋಗಿ ಗುಣಮುಖನಾದ. ಆಗ ನನಗೆ ತಡೆಯಲಾಗಲಿಲ್ಲ. ಉಳಿದದ್ದನ್ನೂ ಹೇಳಿದೆ. ವಿಷ ಏರಿರಲಿಲ್ಲ, ಚೀಲ ವೇಗವಾಗಿ ಒತ್ತಿದ್ದರಿಂದ ಶ್ವಾಸಕೋಶ ಒಡೆಯಿತು, ನೀನು ದಣಿದಿದ್ದೆ, ಪಕ್ಕದಲ್ಲಿ ಕೂತು ಎಣಿಸಬೇಕಾದವಳು ನಾನು, ನಾನು ಎದ್ದು ಹೋಗಿದ್ದೆ ಎಂದೆ.

"ಗೊತ್ತೈತ್ರಿ," ಎಂದ ಅವನು.

ನಾನು ಅವನ ಮುಖ ನೋಡಿದೆ.

"ಅವತ್ತ ಗೊತ್ತಾಗಿತ್ತು. ಕಣ್ಣ ತೆಗದು ನೋಡತೇನಿ, ಕೈಯಾಗ ಚೀಲ ಬಿರುಸಾಗಾಕತ್ತೈತಿ, ಒತ್ತಿದ್ರ ಇಳಿವಲ್ದು. ಅಕ್ಕನ ಕೈಯಾಗ ಕೊಟ್ಟು ನಿಮ್ಮನ್ನ ಕರ್ಯಾಕ ಓಡಿ ಬಂದೆ. ಸಾಹೇಬ್ರ ಕ್ವಾಣಿ ಬಾಗಲಾ ಹಾಕಿತ್ತು. ಒಳಗ ನೀವಿಬ್ಬರೂ ನಗಾಕತ್ತಿದ್ರಿ. ದೊಡ್ಡವ್ರು ಏನೋ ಮಾತಾಡಾಕತ್ತಾರ, ನಗಿ ಮುಗದ ಮ್ಯಾಲ ತಗೀತಾರ ಅಂತ ನಿಂತೆ."

ಸಾಹೇಬರ ಮುಚ್ಚಿದ ಬಾಗಿಲನ್ನು ನಮ್ಮಲ್ಲಿ ಯಾರೂ ಬಡಿಯುತ್ತಿರಲಿಲ್ಲ. ಅವರೇ ತೆಗೆಯುವವರೆಗೆ ಕಾಯಬೇಕು. ಬಂದವರಿಗೆಲ್ಲ ಮೊದಲ ದಿನವೇ ಹಾಗೆಂದು ಹೇಳುವವಳು ನಾನೇ. ಅವನಿಗೂ ಐದನೆಯ ದಿನ ಹೇಳಿದ್ದೆ. ಕೋಟೆಯ ಬಾಗಿಲಲ್ಲಿ ತಟ್ಟಿದ ಚಪ್ಪಾಳೆ ಗುಡ್ಡದ ಮೇಲೆ ಕೇಳಿದ್ದು ಆಗ ನೆನಪಾಯಿತು.

"ಹಂಗಾದ್ರ ಅವತ್ತ ನನ್ನ ಯಾಕ ಕೇಳಿದಿ?" ಎಂದೆ.

"ನನ್ನ ಸಲುವಾಗಿ ಕೇಳಲಿಲ್ರಿ. ಅಕ್ಕನ ಸಲುವಾಗಿ. ಮಾಮಾ ಸತ್ತದ್ದು ಆಕಿ ಕೈಯಾಗ. ನಾನು ಕೊಟ್ಟ ಮ್ಯಾಲ ಆಕಿ ಒತ್ತಿದ್ದು ನಾಕ ಸಲ, ಐದ ಸಲ. ತನಗ ಒತ್ತಾಕ ಬರಲಿಲ್ಲ, ಅದಕ್ಕ ಸತ್ತ ಅಂತ ಕೂತಾಳ. ನಾನು ಹೇಳಿದೆ, ನಂದ ತಪ್ಪು, ನಿಂದಲ್ಲ ಅಂತ. ತಮ್ಮ ಅದಾನ, ನನ್ನ ಸಮಾಧಾನಕ್ಕ ಹೇಳ್ತಾನ ಅಂತಾಳ. ನೀವು ಹೇಳಿದ್ರ ನಂಬತಿದ್ಲು." ಕಾಗದ ಮಡಿಚಿ ಜೇಬಿನಲ್ಲಿಟ್ಟುಕೊಂಡ. "ಬಲಗೈಲೆ ಏನೂ ಮಾಡೂದಿಲ್ರಿ ಆಕಿ. ಉಣ್ಣೂದೂ ಎಡಗೈಲೆ."

ಮರುದಿನ ರಜೆ ಹಾಕಿ ಗಜೇಂದ್ರಗಡಕ್ಕೆ ಹೋದೆ. ನೇಕಾರರ ಓಣಿಯಲ್ಲಿ ಮನೆ ಕೇಳಬೇಕಾಗಲಿಲ್ಲ. ಎಂಟು ದಿನ ಚೀಲ ಒತ್ತಿದವರು ದಾರಿಯುದ್ದಕ್ಕೂ ಸಿಕ್ಕರು, ನಮಸ್ಕಾರ ಮಾಡಿದರು, ಚಹಾಕ್ಕೆ ಕರೆದರು. ಆ ಮನೆಯಲ್ಲಿ ಕುಣಿಗೆ ಮಣ್ಣು ತುಂಬಿ ಮುಚ್ಚಿದ್ದರು. ಆಕೆ ಗೋಡೆಗೆ ಒರಗಿ ಭಾವನ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಚರಕದ ಹಿಡಿಯನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. ನೂಲು ಮೇಲಿಂದ ಮೇಲೆ ಹರಿದು ತುಂಡಾಗುತ್ತಿತ್ತು.

"ಬರ್ರಿ ಅಕ್ಕಾರ," ಎಂದಳು.

ನಾನು ನೆಲದ ಮೇಲೆ ಕುಳಿತು ಎಲ್ಲವನ್ನೂ ನಡೆದ ಹಾಗೆ ಹೇಳಿದೆ. ಎರಡೂಕಾಲು, ಮೂರಕ್ಕೆ ಐದು ನಿಮಿಷ, ಮುಚ್ಚಿದ ಬಾಗಿಲು, ನಗೆ. ಚೀಲ ಅವಳ ಕೈಗೆ ಬರುವ ಮೊದಲೇ ಒಳಗೆ ಒಡೆದಿತ್ತು, ಆಮೇಲೆ ಯಾರು ಒತ್ತಿದ್ದರೂ ಅದು ಇಳಿಯುತ್ತಿರಲಿಲ್ಲ ಎಂದು ಎರಡು ಸಲ ಹೇಳಿದೆ. ನಿಮ್ಮ ಕೈಯಿಂದ ಏನೂ ಆಗಲಿಲ್ಲ ಎಂದೆ. ಅವಳು ಚರಕ ನಿಲ್ಲಿಸಿ ಕೇಳಿದಳು. ಅಳಲಿಲ್ಲ.

"ಇದನ್ನ ಅವತ್ತ ಯಾಕ ಹೇಳಲಿಲ್ರಿ?" ಎಂದಳು.

ಅದಕ್ಕೆ ಖರೇ ಉತ್ತರ ಒಂದೇ ಇತ್ತು. ನಾನು ಹೈದರಾಬಾದಿಗೆ ಹೋಗಬೇಕಿತ್ತು. ಅಷ್ಟು ದೂರ ಅದನ್ನು ಹೇಳಲೆಂದೇ ಹೋದವಳಿಗೆ ಆ ಒಂದು ಮಾತು ಬಾಯಿಂದ ಬರಲಿಲ್ಲ. ತಪ್ಪಾಯಿತು ಎಂದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಮಾತು ನಂಬಿದ್ದಕ್ಕೋ ನನ್ನನ್ನು ತಿಳಿದುಕೊಂಡದ್ದಕ್ಕೋ ಗೊತ್ತಾಗಲಿಲ್ಲ.

ರೋಣದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅವಳು ಹೋಗಿರಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಹರಿದ ನೂಲಿನ ತುದಿ ಹುಡುಕಿ, ಅದನ್ನು ಹಲ್ಲಿನಲ್ಲಿ ಹಿಡಿದು ಗಂಟು ಹಾಕಿ, ಮತ್ತೆ ಸುತ್ತತೊಡಗಿದಳು. ನಾನು ಅವಳ ಬಲಗೈಯನ್ನೇ ನೋಡುತ್ತ ಕುಳಿತೆ. ಬಸ್ಸಿನ ಹೊತ್ತಾಗಿ ನಾನು ಎದ್ದು ಚಪ್ಪಲಿ ಮೆಟ್ಟುವವರೆಗೂ ಚರಕ ಎಡಗೈಯಲ್ಲೇ ತಿರುಗುತ್ತಿತ್ತು.